ಬಟವಾಡೆ ದಿನದ ಕೆಂಪು ಮಾತ್ರೆ

ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದ ಡಿಸ್ಪೆನ್ಸರಿಯಲ್ಲಿ ನಾನು ನರ್ಸ್. ಲೈನ್ ಮನೆಗಳ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಹೆಂಗಸರಿಗೆ ಕಬ್ಬಿಣಾಂಶದ ಮಾತ್ರೆ ಕೊಡುವುದೂ ನನ್ನ ಕೆಲಸ. ಕೊಡುವುದೇನೂ ಕಷ್ಟ ಅಲ್ಲ. ಅದು ಹೊಟ್ಟೆಗೆ ಹೋಗಬೇಕು, ಹೋದದ್ದು ಮೈಗೆ ಹತ್ತಬೇಕು. ಕಷ್ಟ ಇರುವುದು ಅಲ್ಲಿ.

ದಿಬ್ಬ ಹತ್ತುವಾಗ ಏದುಸಿರು, ತಲೆಸುತ್ತು ಅಂತ ಯಾರೂ ಡಿಸ್ಪೆನ್ಸರಿಗೆ ಬರುವುದಿಲ್ಲ. "ದುಡಿದ್ರೆ ಸುಸ್ತಾಗಲ್ವಾ ಸಿಸ್ಟರ್?" ಅನ್ನುತ್ತಾರೆ. ಬೆರಳು ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗೆ, ಅಂದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನಮ್ಮಲ್ಲಿ ಹಣ್ಣು ಕುಯ್ಯುವ ಕಾಲಕ್ಕೆ ಕೂಲಿ ಕಿಲೋ ಲೆಕ್ಕದಲ್ಲಿ. ರಕ್ತ ಕಮ್ಮಿ ಆದರೆ ಕೂಲಿಯೂ ಕಮ್ಮಿ. ಇಂಡೋನೇಷ್ಯಾದ ರಬ್ಬರ್ ತೋಟದ ಕೂಲಿಗಳ ಮೇಲೆ ನಡೆದ ಅಧ್ಯಯನವೊಂದು 1979ರಲ್ಲೇ ಇದನ್ನು ತೋರಿಸಿತ್ತು. ಹೆಂಗಸರಿಗೆ ನಾನು ಹೇಳುವುದೂ ಕೂಲಿಯ ಮಾತನ್ನೇ. ಆರೋಗ್ಯದ ಭಾಷಣ ಯಾರಿಗೆ ಬೇಕು?

ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ರಕ್ತ ಕಮ್ಮಿ ಆಗದ ಹಾಗೆ ತಡೆಯಲು, ಬಸುರಿಯರಲ್ಲದವರಿಗೆ ವಾರಕ್ಕೊಂದು ಸಾಕು. ಆಗಲೇ ರಕ್ತ ಕಮ್ಮಿ ಇದ್ದವರಿಗೆ ಅದು ಸಾಲದು, ಡಾಕ್ಟರು ಹೇಳಿದ ಹಾಗೆ ದಿನಾ ಬೇಕು. ಮನೆಗೆ ಕೊಟ್ಟರೆ ಅದು ಕ್ಯಾಲೆಂಡರ್ ಹಿಂದೆ ಸೇರಿಬಿಡುತ್ತದೆ. ಅದಕ್ಕೇ ವಾರದ ಕೂಲಿ ಕೊಡುವ ಬಟವಾಡೆ ದಿನ ಹಿಡಿದೆ. ಅವತ್ತು ಯಾರೂ ರಜಾ ಹಾಕುವುದಿಲ್ಲ ನೋಡಿ! ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡ ಮೇಲೆ, ನನ್ನ ಕಣ್ಣೆದುರೇ ನುಂಗಬೇಕು. ಬರಿಹೊಟ್ಟೆಗೆ ತಗೊಂಡರೆ ಕೆಲವರಿಗೆ ವಾಂತಿ ಬಂದ ಹಾಗಾಗುತ್ತದೆ. ಒಮ್ಮೆ ಹಾಗಾದವರು ಮತ್ತೆ ಮಾತ್ರೆ ಮುಟ್ಟುವುದು ಕಷ್ಟ. ರಕ್ತ ತೀರಾ ಕಮ್ಮಿ ಇದ್ದವರನ್ನು ಸುಮ್ನೆ ಇಟ್ಟುಕೊಳ್ಳುವುದಿಲ್ಲ, ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕಳಿಸುತ್ತೇನೆ.

ದೊಡ್ಡ ತಕರಾರು ಕಾಫಿಯದ್ದು. ಊಟದ ಬೆನ್ನಿಗೇ ಬೆಲ್ಲದ ಕಾಫಿ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಟೀ ಆದರೂ ಅಷ್ಟೇ. ಆದರೆ ಕಾಫಿ ತೋಟದಲ್ಲಿ ನಿಂತು ಕಾಫಿ ಬಿಡಿ ಅಂದರೆ ಯಾರು ಕೇಳುತ್ತಾರೆ? ಹಾಗಾಗಿ ಬಿಡಿ ಅನ್ನಲಿಲ್ಲ, ಹೊತ್ತು ಬದಲಿಸಿ ಅಂದೆ. ಮೇಸ್ತ್ರಿಗೆ ಹೇಳಿ ಕಾಫಿ ಕ್ಯಾನ್ ಮೂರು ಗಂಟೆಗೆ ಬರುವ ಹಾಗೆ ಮಾಡಿಸಿದೆ. ಊಟದ ಜೊತೆ ಹುಳಿ ಹಿಂಡಿಕೊಳ್ಳಿ, ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ ಅಂತಲೂ ಹೇಳಿದೆ. ನಿಂಬೆಗೆ ದುಡ್ಡು ಬೇಕು, ಹೇರಳೆಕಾಯಿ ತೋಟದ ಬೇಲಿಯಲ್ಲೇ ಸಿಗುತ್ತದೆ.

ಮಾತ್ರೆ ಶುರುವಾದ ಮೇಲೆ ಮಲ ಕಪ್ಪಗಾಗುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ "ಹೊಟ್ಟೆ ಸುಟ್ಟುಹೋಯ್ತು" ಅಂತ ಇಡೀ ಲೈನಿಗೆ ಸುದ್ದಿ ಹಬ್ಬುತ್ತದೆ. ಎಳೆ ಮಕ್ಕಳ ಕೈಗೆ ಮಾತ್ರೆ ಸಿಗಬಾರದು ಅನ್ನುವುದನ್ನಂತೂ ದಿನಾ ಹೇಳುತ್ತೇನೆ. ನೋಡಲು ಪೆಪ್ಪರ್‌ಮಿಂಟ್ ಥರ ಇರುತ್ತದೆ, ಜಾಸ್ತಿ ನುಂಗಿದರೆ ಮಗುವಿನ ಜೀವಕ್ಕೇ ಅಪಾಯ.

ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳ ಹತ್ತುತ್ತದೆ. ಅದು ಕರುಳಲ್ಲಿ ಕೂತು ರಕ್ತ ಹೀರುತ್ತಿದ್ದರೆ ಮಾತ್ರೆ ಏನು ಮಾಡೀತು? ಹಾಗಾಗಿ ಆರು ತಿಂಗಳಿಗೊಮ್ಮೆ ಹುಳದ ಮಾತ್ರೆ, 400 ಮಿಲಿಗ್ರಾಂ ಆಲ್ಬೆಂಡಜೋಲ್, ಕೊಡುತ್ತೇವೆ. ಬಸುರಿಯರಿಗೆ ಮಾತ್ರ ಡಾಕ್ಟರನ್ನು ಕೇಳಿಯೇ.

"ರಾಗಿ ತಿಂದರೆ ಸಾಕಲ್ವಾ?" ಅಂತ ತೋಟದ ಲೆಕ್ಕ ಬರೆಯುವ ರೈಟರ್ ಕೇಳಿದ್ದರು. ರಾಗಿ ಒಳ್ಳೆಯದೇ. ಆದರೆ ಅದರ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿ. ಆಗಲೇ ರಕ್ತ ಇಳಿದವರಿಗೆ ಮುದ್ದೆಯೊಂದೇ ಸಾಲದು.

ಕುಯ್ಲಿಗೆ ಹೊರಗಿಂದ ಬರುವವರ ಹೆಸರು ಇಲ್ಲಿನ ಪಟ್ಟಿಯಲ್ಲಿ ಇರುವುದಿಲ್ಲ. ಅವರಿಗಾಗಿ ದಸರಾ ಹೊತ್ತಿಗೇ ಪಿಎಚ್‌ಸಿಯಲ್ಲಿ ಹೆಚ್ಚಿಗೆ ಮಾತ್ರೆ ಕೇಳಿ ಇಡುತ್ತೇನೆ. ಊರಿಗೆ ಹೊರಟಾಗ ಹಿಮೋಗ್ಲೋಬಿನ್ ಎಷ್ಟಿತ್ತು ಅಂತ ಚೀಟಿ ಬರೆದು ಕೈಗೆ ಕೊಡುತ್ತೇನೆ, ಅಲ್ಲಿನ ಆಶಾ ಕಾರ್ಯಕರ್ತೆಗೆ ತೋರಿಸಲಿ ಅಂತ.