ಒಂದೇ ಹಾಡಿನ ನಾಲ್ಕು ಬಿಡುಗಡೆ: ಯಾವುದರಲ್ಲಿ ದನಿ ಉಳಿದಿದೆ ಎಂದು ಪತ್ತೆ ಮಾಡುವುದು ಹೇಗೆ

78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಗಳ ಕಾಲದ ಒಂದು ಖಯಾಲ್, ಎಂದರೆ ಹಿಂದೂಸ್ತಾನಿ ಗಾಯನ, ಇವತ್ತು ನಾಲ್ಕೈದು ರೂಪದಲ್ಲಿ ಸಿಗುತ್ತದೆ. ಎಲ್‌ಪಿಗೆ ಏರಿಸಿದ್ದು, ಎಲ್‌ಪಿಯಿಂದ ಕ್ಯಾಸೆಟ್‌ಗೆ ಇಳಿದದ್ದು, ಸಿಡಿ, ಸ್ಟ್ರೀಮಿಂಗ್ ಆ್ಯಪ್‌ನಲ್ಲಿರುವುದು, ಸಂಗ್ರಾಹಕರು ಮೂಲ ತಟ್ಟೆಯನ್ನೇ ನುಡಿಸಿ ಯೂಟ್ಯೂಬ್‌ಗೆ ಹಾಕಿದ್ದು. ಹೆಚ್ಚಿನವರು ಇವುಗಳಲ್ಲಿ ಗೊರಗೊರ ಸದ್ದು ಕಡಿಮೆ ಇರುವುದನ್ನೇ ಒಳ್ಳೆಯದೆಂದು ಆರಿಸಿಕೊಳ್ಳುತ್ತಾರೆ. ಹಳೆಯ ಗಾಯನದ ಮಟ್ಟಿಗೆ ಈ ಅಳತೆಗೋಲೇ ತಪ್ಪು. ಅರಗಿನ ತಟ್ಟೆಯ ಸರಸರ ಸದ್ದು, ಹಾಡುವವರ ಸ-ಶ ಅಕ್ಷರಗಳು, ಉಸಿರು, ತಂಬೂರಿಯ ಜವಾರಿ (ತಂತಿಯ ಝೇಂಕಾರ) ಎಲ್ಲವೂ ಹೆಚ್ಚುಕಡಿಮೆ ಒಂದೇ ಆವರ್ತನಗಳಲ್ಲಿ ಬೆರೆತಿರುತ್ತವೆ. ಸದ್ದನ್ನು ಪೂರ್ತಿ ಒರೆಸಿದರೆ ಉಳಿದವೂ ಅಳಿಸಿಹೋಗುತ್ತವೆ.

ಹೋಲಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ: ಈ ಬಿಡುಗಡೆಯಲ್ಲಿರುವ ದೋಷವನ್ನು ನಾವು ಸರಿಪಡಿಸಿಕೊಳ್ಳಬಹುದೇ, ಇಲ್ಲವೇ? ವೇಗ ತಪ್ಪಿದ್ದರೆ, ಮಂದ್ರ-ತಾರದ ಸಮತೋಲ ಕೆಟ್ಟಿದ್ದರೆ ಮನೆಯ ಕಂಪ್ಯೂಟರಿನಲ್ಲೇ ಸರಿಯಾಗುತ್ತದೆ. ಸದ್ದು ತೆಗೆಯಲು ಹೋಗಿ ದನಿಯನ್ನೇ ತಿಂದಿದ್ದರೆ, ಪ್ರತಿಧ್ವನಿ ಬೆರೆಸಿದ್ದರೆ, ಕಡಿಮೆ ಬಿಟ್‌ರೇಟಿನ ಎಂಪಿ3 ಆಗಿದ್ದರೆ ಯಾವ ಉಪಾಯವೂ ನಡೆಯದು. ಮುಂದಿನ ಹಂತಗಳೆಲ್ಲ ಈ ಎರಡನ್ನು ಬೇರ್ಪಡಿಸುವುದಕ್ಕಾಗಿಯೇ ಇವೆ. ಬೇಕಾದದ್ದು ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಮತ್ತು ತಂತಿಯಿರುವ ಒಂದು ಹೆಡ್‌ಫೋನ್. ಬ್ಲೂಟೂತ್ ಬೇಡ, ಅದು ಧ್ವನಿಯನ್ನು ಮತ್ತೊಮ್ಮೆ ಹಿಂಡುತ್ತದೆ. ಫೋನು, ಲ್ಯಾಪ್‌ಟಾಪಿನಲ್ಲಿ ತಾನಾಗಿ ಚಾಲೂ ಆಗಿರುವ ಈಕ್ವಲೈಜರ್, ಸರೌಂಡ್ ಎಲ್ಲವನ್ನೂ ಮೊದಲೇ ಆಫ್ ಮಾಡಿ.

ಒಂದೇ ಗಾಯನ ಹೌದೇ?

ಒಬ್ಬರೇ ಕಲಾವಿದರು ಅದೇ ರಾಗದ ಅದೇ ಬಂದಿಶನ್ನು (ಕೃತಿಯನ್ನು) ಎರಡು ಬಾರಿ ಮುದ್ರಿಸಿರುವುದು ಅಪರೂಪವಲ್ಲ. ಮೂಲ ತಟ್ಟೆಯಲ್ಲಿ ಲೇಬಲ್ಲಿನ ಸುತ್ತ, ಗೆರೆಗಳು ಮುಗಿದ ಜಾಗದಲ್ಲಿ, ಕೆತ್ತಿದ ಮ್ಯಾಟ್ರಿಕ್ಸ್ ಸಂಖ್ಯೆ, ಎಂದರೆ ಆ ಮುದ್ರಿಕೆಯ ಗುರುತಿನ ಸಂಖ್ಯೆ, ಇರುತ್ತದೆ. ಲೇಬಲ್ಲಿನ ಮೇಲಿನ ಕ್ಯಾಟಲಾಗ್ ಸಂಖ್ಯೆಗಿಂತ ಇದೇ ನಂಬಿಕೆಗೆ ಅರ್ಹ. ತಟ್ಟೆ ಕೈಯಲ್ಲಿಲ್ಲದಿದ್ದರೆ ಕಿವಿಯಿಂದಲೇ ಗುರುತಿಸಬೇಕು. ಮುಖಡಾ (ಮರಳಿ ಬರುವ ಮೊದಲ ಸಾಲಿನ ತುಣುಕು) ಎಷ್ಟನೇ ಸಲ ಬಂದಾಗ ತಬಲಾದವರು ತುಕಡಾ (ಚಿಕ್ಕ ನುಡಿಸಿಕೆ) ಹಾಕಿದರು, ಎರಡನೇ ತಾನಿನ (ವೇಗದ ಸ್ವರಗುಚ್ಛದ) ಮೊದಲು ಉಸಿರು ಎಲ್ಲಿ ತೆಗೆದುಕೊಂಡರು ಎನ್ನುವಂಥ ಮೂರು ಗುರುತು ಹಿಡಿದುಕೊಳ್ಳಿ. ಮೂರೂ ಕೂಡಿಬಂದರೆ ಒಂದೇ ಗಾಯನ. ಒಂದು ತಪ್ಪಿದರೂ ನೀವು ಹೋಲಿಸುತ್ತಿರುವುದು ಎರಡು ಬೇರೆ ಹಾಡಿಕೆಗಳನ್ನು.

ಆರಂಭ, ಅಂತ್ಯ ಕತ್ತರಿಸಿದ್ದಾರೆಯೇ ಎಂದೂ ನೋಡಿ. ಮೈಸೂರಿನಲ್ಲಿ 1930ರಲ್ಲಿ ತೀರಿಕೊಂಡ ಗಾಯಕಿ ಗೌಹರ್ ಜಾನ್ 1902ರಿಂದ ಕೊಟ್ಟ ಮುದ್ರಿಕೆಗಳಲ್ಲಿ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆ ಘೋಷಣೆ ಇದ್ದರೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ವೇಗ ತಪ್ಪಿದ್ದು ಹಾಡಿನಲ್ಲಿ ಮರೆಯಾಗಬಹುದು, ಮಾತಿನಲ್ಲಿ ಥಟ್ಟನೆ ಗೊತ್ತಾಗುತ್ತದೆ.

ವೇಗ: ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದದ್ದು

1925ಕ್ಕೆ ಮುಂಚಿನ, ಮೈಕ್ ಇಲ್ಲದೆ ಕೊಂಬಿಗೆ ಹಾಡಿದ ಮುದ್ರಿಕೆಗಳಲ್ಲಿ ‘78’ ಎನ್ನುವುದು ಹೆಸರಿಗೆ ಮಾತ್ರ. 70ರ ಆಸುಪಾಸಿನಿಂದ 80ರ ಮೇಲಿನವರೆಗೂ ವೇಗ ಏರಿಳಿಯುತ್ತಿತ್ತು. 78ರ ಸುತ್ತಿನಲ್ಲಿ ಒಂದೇ ಒಂದು ಆರ್‌ಪಿಎಂ ವ್ಯತ್ಯಾಸವಾದರೆ ಶ್ರುತಿ ಸುಮಾರು 22 ಸೆಂಟ್ ಸರಿಯುತ್ತದೆ (ಹಾರ್ಮೋನಿಯಂನ ಒಂದು ಮನೆಗೆ 100 ಸೆಂಟ್). ನಾಲ್ಕೂವರೆ ಆರ್‌ಪಿಎಂ ತಪ್ಪಿದರೆ ಹಾರ್ಮೋನಿಯಂನ ಪಕ್ಕದ ಮನೆಗೇ ಹೋದಂತೆ. ಶ್ರುತಿ ಏರಿದ ಪ್ರತಿ ಹೆಚ್ಚು ಚುರುಕಾಗಿ, ಹೊಳಪಾಗಿ ಕೇಳುವುದರಿಂದ ಕಿವಿ ಅದನ್ನೇ ಉತ್ತಮ ಎಂದು ಒಪ್ಪಿಬಿಡುತ್ತದೆ. ಆದ್ದರಿಂದ ವೇಗ ಸರಿದೂಗಿಸದೆ ಬೇರೆ ಯಾವುದನ್ನೂ ಹೋಲಿಸಬೇಡಿ.

ಟ್ರ್ಯಾಕಿನ ಒಟ್ಟು ಅವಧಿ ನೋಡಿ ಲೆಕ್ಕ ಹಾಕಬಾರದು, ಹಿಂದೆ ಮುಂದೆ ಖಾಲಿ ಜಾಗ ಬೇರೆಬೇರೆ ಇರುತ್ತದೆ. ಮೊದಲ ಸಮ್‌ನಿಂದ (ತಾಳದ ಆವರ್ತದ ಮೊದಲ ಪೆಟ್ಟಿನಿಂದ) ಕೊನೆಯ ಸಮ್‌ವರೆಗೆ ಅಳೆಯಿರಿ. ಒಂದರಲ್ಲಿ 180 ಸೆಕೆಂಡು, ಇನ್ನೊಂದರಲ್ಲಿ 174.5 ಸೆಕೆಂಡು ಬಂತೆನ್ನಿ. ಎರಡನೆಯದು ಸುಮಾರು 54 ಸೆಂಟ್, ಎಂದರೆ ಅರ್ಧ ಮನೆಗಿಂತ ತುಸು ಹೆಚ್ಚು, ಮೇಲಿದೆ. ಅದನ್ನು ಮೊದಲನೆಯದಕ್ಕೆ ಹೊಂದಿಸಲು 174.5 ಅನ್ನು 180ರಿಂದ ಭಾಗಿಸಿ: 0.9694. ಆಡಾಸಿಟಿಯ ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ನಲ್ಲಿ ಮೈನಸ್ 3.06 ಶೇಕಡಾ ಕೊಡಿ. ಮೊದಲನೆಯದನ್ನೇ ಎರಡನೆಯದಕ್ಕೆ ಏರಿಸುವುದಾದರೆ ಪ್ಲಸ್ 3.15, ಎರಡೂ ಒಂದೇ ಸಂಖ್ಯೆಯಲ್ಲ. ‘ಚೇಂಜ್ ಟೆಂಪೊ’ ಬಳಸಬೇಡಿ. ಅದು ಶ್ರುತಿಯನ್ನು ಹಾಗೇ ಇಟ್ಟು ಲಯ ಮಾತ್ರ ಬದಲಿಸಿ ದನಿಯನ್ನು ಹರಿದು ಜೋಡಿಸುತ್ತದೆ.

ಎರಡರಲ್ಲಿ ಯಾವುದರ ವೇಗ ಸರಿ ಎಂಬುದು ಬೇರೆಯೇ ಪ್ರಶ್ನೆ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಎಚ್‌ಎಂವಿ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿರುವುದು ಎತ್ತರದ, ತೆಳುವಾದ ಹೆಣ್ಣುದನಿ. ನಾವೆಲ್ಲ ಬಲ್ಲ ಆ ಗಂಭೀರ ಕಂಠ 1940ರ ದಶಕದಲ್ಲಿ ಗಂಟಲಿಗೆ ಚಿಕಿತ್ಸೆ ಆದ ನಂತರದ್ದು. ಇದು ತಿಳಿಯದವರು ಹಳೆಯ ತಟ್ಟೆ ಹೆಚ್ಚು ವೇಗದಲ್ಲಿ ಓಡಿದೆ ಎಂದು ಭಾವಿಸಿ ಶ್ರುತಿ ಇಳಿಸುವ ಅಪಾಯವಿದೆ. ಕಲಾವಿದರ ಕಂಠ ಆ ವರ್ಷ ಹೇಗಿತ್ತು ಎಂದು ತಿಳಿಯದೆ ವೇಗ ತಿದ್ದಬಾರದು. ಹಾರ್ಮೋನಿಯಂ ಸಾಥ್ ಇದ್ದರೆ ಅದನ್ನು ಸಾಕ್ಷಿಯಾಗಿ ಹಿಡಿಯಿರಿ. ಆದಿಯಲ್ಲೂ ಅಂತ್ಯದಲ್ಲೂ ಅದರ ಷಡ್ಜ ಒಂದೇ ಕಡೆ ಇರಬೇಕು. ಹಾಡುವವರ ಶ್ರುತಿ ಏರಬಹುದು, ಹಾರ್ಮೋನಿಯಂನದ್ದು ಏರುವುದಿಲ್ಲ. ಅದೂ ಏರುತ್ತಾ ಹೋದರೆ ಯಾವುದೋ ಹಂತದಲ್ಲಿ ಯಂತ್ರದ ವೇಗ ಜಾರಿದೆ ಎಂದರ್ಥ. ಒಂದೇ ಅಧಿವೇಶನದಲ್ಲಿ ಮುದ್ರಿಸಿದ ನಾಲ್ಕೈದು ತಟ್ಟೆ ಸಿಕ್ಕರೆ ಅವುಗಳ ಷಡ್ಜ ಹೋಲಿಸಿ ನೋಡುವುದು ಇನ್ನೂ ಭದ್ರ.

ಮೂಲ ಯಾವುದೆಂದು ಟಿಕ್ ಸದ್ದೇ ಹೇಳುತ್ತದೆ

‘ಮೂಲ 78ರಿಂದ’ ಎಂದು ಬರೆದದ್ದೆಲ್ಲ ನಿಜವಲ್ಲ. ತಟ್ಟೆಯ ಮೇಲೆ ಅಡ್ಡ ಗೀರು ಬಿದ್ದಿದ್ದರೆ ಸುತ್ತಿಗೊಮ್ಮೆ ಟಿಕ್ ಎನ್ನುತ್ತದೆ. 78ರಲ್ಲಿ ಒಂದು ಸುತ್ತು 0.77 ಸೆಕೆಂಡು, 33⅓ರ ಎಲ್‌ಪಿಯಲ್ಲಿ 1.8 ಸೆಕೆಂಡು. ಆಡಾಸಿಟಿಯಲ್ಲಿ ಅಲೆಯನ್ನು ಹಿಗ್ಗಿಸಿ ಎರಡು ಟಿಕ್‌ಗಳ ನಡುವಿನ ಅಂತರ ಅಳೆಯಿರಿ. 1.8 ಬಂದರೆ ಅದು ಎಲ್‌ಪಿಯಿಂದ ತೆಗೆದದ್ದು, ಚೀಟಿಯ ಮೇಲೆ ಏನೇ ಬರೆದಿರಲಿ. ನಡುತೂತು ಸರಿಯಾಗಿ ಕೂರದ ತಟ್ಟೆಯಲ್ಲಿ ನೀಳ ಸ್ವರ ತೂಗಾಡುತ್ತದೆ, ಆ ತೂಗಾಟಕ್ಕೂ ಇದೇ ಲೆಕ್ಕ.

ಎರಡು ಬಿಡುಗಡೆಗಳಲ್ಲಿ ಚಿಕ್ಕ ದೊಡ್ಡ ಪಟಪಟ ಸದ್ದೆಲ್ಲ ಅದೇ ಅಕ್ಷರದ ಮೇಲೆ ಬಿದ್ದರೆ ಎರಡೂ ಒಂದೇ ವರ್ಗಾವಣೆಯ (ತಟ್ಟೆ ನುಡಿಸಿ ಒಮ್ಮೆ ತೆಗೆದ ಧ್ವನಿಮುದ್ರಣದ) ನಕಲು ಎನ್ನಬಹುದು. ಒಂದೆರಡು ಮಾತ್ರ ಕೂಡಿದರೆ ಅವು ಅಚ್ಚಿನಲ್ಲೇ ಇದ್ದ ದೋಷ, ಆ ಅಚ್ಚಿನ ಎಲ್ಲ ಪ್ರತಿಗಳಲ್ಲೂ ಬರುತ್ತದೆ. ಒಂದೇ ವರ್ಗಾವಣೆ ಎಂದು ಖಚಿತವಾದರೆ ಒಂದು ಒಳ್ಳೆಯ ಪರೀಕ್ಷೆ ಸಾಧ್ಯ. ಎರಡನ್ನೂ ಸ್ಯಾಂಪಲ್ ಮಟ್ಟಕ್ಕೆ ಜೋಡಿಸಿ, ದನಿಯ ಮಟ್ಟ ಒಂದೇ ಮಾಡಿ, ಒಂದಕ್ಕೆ ‘ಇನ್ವರ್ಟ್’ ಕೊಟ್ಟು ಬೆರೆಸಿ. ಉಳಿದದ್ದರಲ್ಲಿ ಬರೀ ಸರಸರ, ಪಟಪಟ ಇದ್ದರೆ ಸದ್ದು ತೆಗೆದವರ ಕೈ ಹದವಾಗಿತ್ತು. ಅದರಲ್ಲಿ ಹಾಡಿನ ಸಾಹಿತ್ಯ ಗುರುತಿಸುವಷ್ಟು ಕೇಳಿಸಿದರೆ, ಆ ದನಿ ‘ಸ್ವಚ್ಛ’ ಪ್ರತಿಯಿಂದ ಹೊರಗೆ ಹೋಗಿದೆ.

ಮಟ್ಟ ಸಮ ಮಾಡುವುದು

ಒಂದು ಡೆಸಿಬೆಲ್ ಜೋರಾದದ್ದೂ ‘ಹೆಚ್ಚು ಸ್ಪಷ್ಟ’ ಎನ್ನಿಸುತ್ತದೆ. ಇಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ನಂಬಬೇಡಿ. ಅದು ತಟ್ಟೆಯ ಸದ್ದನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಗೊರಗೊರ ಹೆಚ್ಚಿರುವ ಪ್ರತಿಯಲ್ಲಿ ದನಿ ಕುಗ್ಗಿಬಿಡುತ್ತದೆ. ಪೀಕ್ ನೋಡಿ ಹೊಂದಿಸಿದರೆ ಇನ್ನೂ ಕೆಟ್ಟದು, ಅತಿ ಎತ್ತರದ ಪೀಕ್ ಬಹಳ ಸಲ ಟಿಕ್ ಸದ್ದಿನದ್ದೇ ಆಗಿರುತ್ತದೆ. ದನಿ ತುಂಬಿ ನಿಂತ ಒಂದೇ ಸಾಲನ್ನು ಎರಡೂ ಪ್ರತಿಗಳಲ್ಲಿ ಆರಿಸಿ, ‘ಮೆಷರ್ ಆರ್‌ಎಂಎಸ್’ನಲ್ಲಿ ಅದರ ಸರಾಸರಿ ಮಟ್ಟ ನೋಡಿ, ವ್ಯತ್ಯಾಸದಷ್ಟನ್ನು ‘ಆಂಪ್ಲಿಫೈ’ನಲ್ಲಿ ಇಳಿಸಿ. ಏರಿಸುವುದಕ್ಕಿಂತ ಇಳಿಸುವುದು ಕ್ಷೇಮ. 0.2 ಡೆಸಿಬೆಲ್ ಒಳಗೆ ತಂದರೆ ಸಾಕು.

ಎಲ್ಲವನ್ನೂ ಮೊನೊ ಮಾಡಿ ಕೇಳಿ. ಆ ಕಾಲದ ವಾಣಿಜ್ಯ ತಟ್ಟೆಗಳೆಲ್ಲ ಮೊನೊ. ಎರಡು ಚಾನೆಲಿನಲ್ಲಿ ತೆಗೆದ ವರ್ಗಾವಣೆ ಮೊನೊ ಆದೊಡನೆ ಸದ್ದು ಇಳಿಯುತ್ತದೆ, ದನಿ ಇಳಿಯುವುದಿಲ್ಲ. ಮೊನೊ ಮಾಡಿದಾಗ ದನಿಯೇ ಟೊಳ್ಳಾದರೆ ಅದು ಕೃತಕ ಸ್ಟಿರಿಯೊ. ಅಂಥದ್ದರಲ್ಲಿ ಎಡ, ಬಲ ಚಾನೆಲ್‌ಗಳನ್ನು ಬೇರೆಬೇರೆಯಾಗಿ ಕೇಳಿ ನೋಡಿ, ಒಂದಾದರೂ ಉಳಿದಿದ್ದೀತು.

ಎಲ್ಲಿ ಕಿವಿ ಇಡಬೇಕು

ಇಡೀ ಹಾಡು ಕೇಳಿ ತೀರ್ಪು ಕೊಡಬೇಡಿ. 10–15 ಸೆಕೆಂಡಿನ ಮೂರು ತುಣುಕು ಸಾಕು: ಆರಂಭದ ಮೆಲುದನಿಯ ಆಲಾಪ, ತಾರ ಷಡ್ಜದ ನೀಳ ಸ್ವರ, ಕೊನೆಯ ತಾನು. ಮೂರನೆಯದು ಬಹಳ ಮುಖ್ಯ. 10 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಗೆರೆ ಸೆಕೆಂಡಿಗೆ ಒಂದು ಮೀಟರಿನಷ್ಟು ಸರಿಯುತ್ತದೆ, ಲೇಬಲ್ ಹತ್ತಿರ 40 ಸೆಂಟಿಮೀಟರಿನಷ್ಟು ಮಾತ್ರ. ಮೂರು ನಿಮಿಷದ ಖಯಾಲಿನಲ್ಲಿ ದ್ರುತ ತಾನುಗಳು ಬಂದು ಬೀಳುವುದು ಆ ಇಕ್ಕಟ್ಟಿನ ಜಾಗಕ್ಕೇ. ಉಕ್ಕಿನ ಮುಳ್ಳು ಹೆಚ್ಚು ಉತ್ತದ್ದೂ ಅಲ್ಲೇ. ಸವೆದ ತಟ್ಟೆಯಲ್ಲಿ ಜೋರಾದ ‘ಆ’ಕಾರ ಒಡೆದು ಕರಕರ ಎನ್ನುತ್ತದೆ. ಇದು ದೋಷಗಳಲ್ಲೆಲ್ಲ ಹಠಮಾರಿ. ವರ್ಗಾಯಿಸಿದವರು ಬೇರೆ ಅಳತೆಯ ಮುಳ್ಳು ಹಾಕಿ ಗೆರೆಯ ಸವೆಯದ ಎತ್ತರದಲ್ಲಿ ಓಡಿಸಿದ್ದರೆ ಮಾತ್ರ ತಪ್ಪುತ್ತದೆ. 78ಕ್ಕೆ ಮುಳ್ಳಿನ ತುದಿ ಸುಮಾರು 2.5ರಿಂದ 3.5 ಮಿಲ್ (ಇಂಚಿನ ಸಾವಿರದ ಒಂದು ಭಾಗ ಒಂದು ಮಿಲ್) ಬೇಕು. ಎಲ್‌ಪಿಯ 0.7 ಮಿಲ್ ಮುಳ್ಳಿನಲ್ಲಿ ನುಡಿಸಿದ್ದರೆ ಅದು ಗೆರೆಯ ತಳದಲ್ಲಿ ಉರುಳಾಡಿ ಬರೀ ಗೊರಗೊರ ತರುತ್ತದೆ, ದನಿ ದೂರ ನಿಂತಂತೆ ಕೇಳುತ್ತದೆ.

ಸದ್ದು ಅತಿಯಾಗಿ ತೆಗೆದದ್ದರ ಗುರುತು ಸ್ವರದ ಬಾಲದಲ್ಲಿದೆ. ಸಾಲು ಮುಗಿಸಿ ದನಿ ತಗ್ಗುವಾಗ ತಂಬೂರಿ ಕೇಳಿಸುತ್ತಲೇ ಇರಬೇಕು. ಅದು ಗಕ್ಕನೆ ಆರಿಹೋಗಿ, ದನಿ ಮತ್ತೆ ಬಂದಾಗ ಸದ್ದಿನ ಸಮೇತ ಎದ್ದರೆ ಗೇಟ್, ಎಂದರೆ ಮೆಲುದನಿಯನ್ನು ಮುಚ್ಚುವ ಸಾಧನ, ಹಾಕಿದ್ದಾರೆ. ಸ್ವರದ ಸುತ್ತ ನೀರು ಗುಳುಗುಳು ಅಂದಂತಿದ್ದರೆ ನಾಯ್ಸ್ ರಿಡಕ್ಷನ್ ಮಿತಿಮೀರಿದೆ. ಸ, ಶ ಎರಡೂ ಮಾಸಿ ಒಂದೇ ಥರ ಕೇಳಿದರೆ 3,000–4,000 ಹರ್ಟ್ಸ್ ಬಳಿಯೇ ಕತ್ತರಿಸಿರುವ ಸಾಧ್ಯತೆ ಹೆಚ್ಚು. ಸ್ಪೆಕ್ಟ್ರೋಗ್ರಾಂ ನೋಟದಲ್ಲಿ ಆ ಗೆರೆ ಕಣ್ಣಿಗೇ ಕಾಣುತ್ತದೆ. ಕೊನೆಯ ತಬಲಾ ಪೆಟ್ಟಿನ ನಂತರ ಮೊಳಗು ಉದ್ದಕ್ಕೆ ಎಳೆದರೆ ಅದು ಬಹುಪಾಲು ಸ್ಟುಡಿಯೊದಲ್ಲಿ ಬೆರೆಸಿದ ಪ್ರತಿಧ್ವನಿ.

ಮಂಕಾಗಿ, ದಪ್ಪಗೆ ಕೇಳುವ ಪ್ರತಿಯನ್ನು ಮಾತ್ರ ಬೇಗ ಬಿಸಾಡಬೇಡಿ. ಎಲ್‌ಪಿಗೆಂದು ಗೊತ್ತುಮಾಡಿದ, 1954ರ ನಂತರದ ಆರ್‌ಐಎಎ ಮಾನದಂಡದ ಫೋನೊ ಆಂಪ್ಲಿಫೈಯರಿನಲ್ಲಿ 78 ನುಡಿಸಿದರೆ 5,000 ಹರ್ಟ್ಸ್ ಬಳಿ ಸುಮಾರು 8 ಡೆಸಿಬೆಲ್, 10,000ದ ಬಳಿ ಸುಮಾರು 14 ಡೆಸಿಬೆಲ್ ತಗ್ಗುತ್ತದೆ. ಹಳೆಯ ತಟ್ಟೆಗಳಿಗೆ ಬಹುತೇಕ ಇಂಥ ತಗ್ಗಿಸುವಿಕೆಯೇ ಬೇಕಿರಲಿಲ್ಲ. ಕೆಲವರು ಈ ಮಂಕನ್ನೇ ‘ಹಳೆಯ ಕಾಲದ ಬೆಚ್ಚನೆ’ ಎಂದು ಮೆಚ್ಚುತ್ತಾರೆ, ಅದು ಯಂತ್ರದ ಗುಣವೇ ಹೊರತು ಕಂಠದ್ದಲ್ಲ. ಈಕ್ವಲೈಜರಿನಲ್ಲಿ 2,000 ಹರ್ಟ್ಸ್‌ನಿಂದ ಮೇಲಕ್ಕೆ ನಿಧಾನವಾಗಿ ಏರಿಸಿ ನೋಡಿ. ಮುಚ್ಚಿದ್ದ ವ್ಯಂಜನಗಳು ಬಿಚ್ಚಿಕೊಂಡರೆ ನಿಮ್ಮ ಕೈಲಿರುವುದು ಯಾರೂ ಕೈಯಾಡಿಸದ ಒಳ್ಳೆಯ ವರ್ಗಾವಣೆ. ಬರೀ ಸರಸರ ಏರಿ ಅಕ್ಷರ ಹಾಗೇ ಮಾಸಲಾಗಿದ್ದರೆ ಆ ಭಾಗ ಎಂದೋ ಹೋಗಿದೆ.

ಎಂಪಿ3 ವಿಷಯಕ್ಕೆ ಒಂದು ಮಾತು. ತಟ್ಟೆಯ ಸದ್ದನ್ನು ಹಿಂಡುವುದು ಎನ್‌ಕೋಡರಿಗೆ ಬಹಳ ಕಷ್ಟ, ಇರುವ ಬಿಟ್‌ಗಳನ್ನೆಲ್ಲ ಅದು ಗೊರಗೊರಕ್ಕೇ ಸುರಿಯುತ್ತದೆ. ಹಾಗಾಗಿ 128 ಕೆಬಿಪಿಎಸ್ ಹೊಸ ಹಾಡಿಗಿಂತ ಹಳೆಯ ಹಾಡಿಗೆ ಹೆಚ್ಚು ಹಾನಿ ಮಾಡುತ್ತದೆ. ಅದೇ ವರ್ಗಾವಣೆ ಎಫ್‌ಎಲ್‌ಎಸಿಯಲ್ಲಿ (ದನಿ ಕಳೆಯದೆ ಹಿಂಡುವ ಫೈಲ್ ರೂಪ) ಸಿಕ್ಕರೆ ಬೇರೆ ಯೋಚನೆ ಬೇಡ.

ಎರಡು ಪ್ರತಿಗಳ ನಡುವೆ ವ್ಯತ್ಯಾಸ ಸಣ್ಣದೆನಿಸಿದರೆ ಹೆಸರು ಮುಚ್ಚಿ ಕೇಳಿ. ಫೂಬಾರ್2000 ಎಂಬ ಪ್ಲೇಯರ್ ತಂತ್ರಾಂಶದ ಎಬಿಎಕ್ಸ್ ಕಂಪ್ಯಾರೇಟರಿನಲ್ಲಿ (ಗುಟ್ಟಾಗಿ ಕೇಳಿಸಿದ್ದು ಎರಡರಲ್ಲಿ ಯಾವುದೆಂದು ಗುರುತಿಸುವ ಪರೀಕ್ಷೆ) 16 ಸುತ್ತು ಹಾಕಿ. 12 ಅಥವಾ ಹೆಚ್ಚು ಸರಿಯಾದರೆ ನಿಮ್ಮ ಕಿವಿ ನಿಜವಾಗಿ ಗುರುತಿಸುತ್ತಿದೆ ಎನ್ನಬಹುದು, ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. 9–10ರಲ್ಲೇ ನಿಂತರೆ ಯಾವುದನ್ನು ಇಟ್ಟುಕೊಂಡರೂ ನಡೆಯುತ್ತದೆ.

ಕಡೆಗೆ ಫೈಲಿನ ಹೆಸರಿನಲ್ಲೇ ಮ್ಯಾಟ್ರಿಕ್ಸ್ ಸಂಖ್ಯೆ, ಎಲ್ಲಿಂದ ಬಂತು, ವೇಗ ಎಷ್ಟು ಶೇಕಡಾ ತಿದ್ದಿದಿರಿ ಎಂದು ಬರೆದಿಡಿ. ತಿದ್ದದ ಮೂಲವನ್ನು ಅಳಿಸಬೇಡಿ. ಒಂದು ಬಿಡುಗಡೆಯಲ್ಲಿ ಆಲಾಪ ಚೆನ್ನಾಗಿದ್ದು ಇನ್ನೊಂದರಲ್ಲಿ ಕೊನೆಯ ತಾನು ಚೆನ್ನಾಗಿದ್ದರೆ ಎರಡನ್ನೂ ಕತ್ತರಿಸಿ ಹೊಲಿಯಲು ಹೋಗದೆ ಎರಡನ್ನೂ ಇಟ್ಟುಕೊಳ್ಳಿ, ಯಾವ ನಿಮಿಷಕ್ಕೆ ಯಾವುದು ಮೇಲು ಎಂದು ಪಕ್ಕದಲ್ಲೇ ಟಿಪ್ಪಣಿ ಇರಲಿ.