ತೊಗರಿ ಹೊಲದ ಸತ್ತ ಹಕ್ಕಿಗಳು: ವಿಷ ಹುಡುಕಿದ ನನ್ನ ಅನುಭವ

ವನ್ಯಜೀವಿಗಳ ಮೇಲೆ ಸಂಶೋಧನೆ ಮಾಡುತ್ತೇನೆ ಅಂದರೆ ಜನ ಹುಲಿ, ಚಿರತೆ ಅಂದುಕೊಳ್ಳುತ್ತಾರೆ. ನಾನು ನೋಡೋದು ಸತ್ತ ಗೊರವಂಕ, ಬೆಳ್ಳಕ್ಕಿ, ಕೌಜುಗ, ಒಮ್ಮೊಮ್ಮೆ ನವಿಲು. ಜೇವರ್ಗಿ, ಚಿತ್ತಾಪುರ, ಆಳಂದ ಕಡೆಯ ತೊಗರಿ ಹೊಲಗಳಲ್ಲಿ ಎಣ್ಣಿ (ಕೀಟನಾಶಕಕ್ಕೆ ನಮ್ಮ ಕಡೆಯ ಹೆಸರು) ಹೊಡೆದ ಮೇಲೆ ಬದುವಿನ ಮೇಲೋ ಸಾಲಿನ ನಡುವೆಯೋ ಬಿದ್ದಿರುವ ಹಕ್ಕಿಗಳು. ಅವು ಕೀಟನಾಶಕದಿಂದಲೇ ಸತ್ತವಾ, ಬೇರೆ ಕಾರಣಕ್ಕಾ ಅಂತ ಗೊತ್ತುಮಾಡೋದು ನನ್ನ ಕೆಲಸ. ಎಂಎಸ್ಸಿ ಮುಗಿಸಿದ ಹುಡುಗರು ಈ ಬಗ್ಗೆ ಕೇಳುತ್ತಿರುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಮಷಿನ್ ಯಾವುದು ಅಂತಲೇ. ಮಷಿನ್ ಕಡೆಗೆ ಬರುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ.

ನಮ್ಮ ಕಡೆ ತೊಗರಿ ಹೂವಿಗೆ ಬರೋದು ದೀಪಾವಳಿಯ ಆಸುಪಾಸು. ಆಗಲೇ ಕಾಯಿಕೊರಕ ಹುಳವೂ ಬರುತ್ತದೆ. ಅಲ್ಲಿಂದ ರಾಶಿ ಹತ್ತಿರ ಬರುವ ತನಕ ಹೊಡೆದದ್ದೇ ಹೊಡೆದದ್ದು. ಹುಳ ತಿನ್ನಲು ಗೊರವಂಕ, ಕಾಜಾಣ, ಬೆಳ್ಳಕ್ಕಿ ಹಿಂಡುಗಟ್ಟಿ ಬರುತ್ತವೆ. ಅವು ಕೂರಲಿ ಅಂತ ಹೊಲದಲ್ಲಿ ಅಲ್ಲಲ್ಲಿ ಕವಲು ಕೋಲು ನೆಡಿ ಎಂದು ಕೃಷಿ ಇಲಾಖೆಯವರೇ ಹೇಳುತ್ತಾರೆ, ಒಳ್ಳೆಯ ಸಲಹೆಯೇ. ಆದರೆ ಕೋಲು ನೆಟ್ಟು ಹಕ್ಕಿ ಕರೆದು, ಮರುದಿನ ಅದೇ ಹುಳದ ಮೇಲೆ ಎಣ್ಣಿ ಹೊಡೆದರೆ ಏನಾಗುತ್ತದೆ? ವಿಷ ಬಿದ್ದ ಹುಳಕ್ಕೆ ಓಡಲು ಆಗಲ್ಲ, ಎಲೆ ಮೇಲೆ ಒದ್ದಾಡುತ್ತಿರುತ್ತದೆ. ಹಕ್ಕಿಗೆ ಅದಕ್ಕಿಂತ ಸುಲಭದ ಊಟ ಇನ್ನೊಂದಿಲ್ಲ. ಈ ಎರಡು ಸಲಹೆಗಳನ್ನು ಒಟ್ಟಿಗೆ ಕೂತು ಯಾರಾದರೂ ಓದಿದ್ದಾರಾ ಅಂತ ನನಗೆ ಇವತ್ತಿಗೂ ಅನುಮಾನ.

ಇಂಥದ್ದು ನಮ್ಮಲ್ಲಿ ಮಾತ್ರ ಅಲ್ಲ. 1995-96ರಲ್ಲಿ ಅರ್ಜೆಂಟೀನಾದ ಹೊಲಗಳಲ್ಲಿ ಸ್ವೇನ್ಸನ್ಸ್ ಹಾಕ್ ಎಂಬ ಗಿಡುಗಗಳು ಸಾವಿರಗಟ್ಟಲೆ ಸತ್ತವು. ಒಟ್ಟು ಸಾವು ಸುಮಾರು 20,000 ಅಂತ ಅಂದಾಜು. ಉತ್ತರ ಅಮೆರಿಕದಿಂದ ಚಳಿಗಾಲ ಕಳೆಯಲು ಹೋದ ಹಕ್ಕಿಗಳು ಅವು. ಮಿಡತೆಗೆ ಮೊನೊಕ್ರೊಟೊಫಾಸ್ ಹೊಡೆದಿದ್ದರು, ಇವು ಮಿಡತೆ ತಿಂದವು. ಆ ಹೆಸರು ನಮ್ಮ ರೈತರಿಗೆ ಹೊಸದಲ್ಲ. ಇಲ್ಲಿ 2005ರಲ್ಲೇ ತರಕಾರಿಗೆ ಅದನ್ನು ಬಳಸಬಾರದು ಎಂದಾಯಿತು, ಬೇರೆ ಬೆಳೆಗೆ ಮಾತ್ರ ಆಮೇಲೂ ಎಷ್ಟೋ ವರ್ಷ ಸಿಗುತ್ತಿತ್ತು.

ಈಗ ವಿಷ ಹುಡುಕುವ ಮಾತು. ಹಳೆಯ ಕಾಲದ ಡಿಡಿಟಿ, ಎಂಡೋಸಲ್ಫಾನ್ ತರಹದವು ಕೊಬ್ಬಿನಲ್ಲಿ ಕೂತುಬಿಡುತ್ತವೆ. ಅದರಲ್ಲೂ ಡಿಡಿಟಿ ವರ್ಷಗಟ್ಟಲೆ ಕರಗಲ್ಲ. ಕೃಷಿಗೆ ಡಿಡಿಟಿ ನಿಷೇಧವಾಗಿದ್ದು 1989ರಲ್ಲಿ, ಎಂಡೋಸಲ್ಫಾನ್ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿದ್ದು 2011ರಲ್ಲಿ. ಇಂಥವನ್ನು ಗ್ಯಾಸ್ ಕ್ರೊಮೆಟೊಗ್ರಾಫ್ ಎಂಬ, ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಮಷಿನ್‌ನಲ್ಲಿ ನೇರವಾಗಿ ಹಿಡಿಯಬಹುದು. ಆದರೆ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಮೊನೊಕ್ರೊಟೊಫಾಸ್ ಇವೆಲ್ಲ ಆರ್ಗನೊಫಾಸ್ಫೇಟ್ ಎಂಬ ಬೇರೆ ಜಾತಿ. ಹಕ್ಕಿಯ ಮೈಯಲ್ಲಿ ಇವು ಬೇಗ ಒಡೆದುಹೋಗುತ್ತವೆ. ಕೊಲ್ಲುತ್ತವೆ, ಕುರುಹು ಬಿಡಲ್ಲ. ಲಿವರ್‌ನಲ್ಲಿ ಹುಡುಕಿ ಏನೂ ಸಿಗಲಿಲ್ಲ ಅಂದಮಾತ್ರಕ್ಕೆ ವಿಷ ಇರಲಿಲ್ಲ ಅನ್ನೋ ಹಾಗಿಲ್ಲ. ಹಾಗಾಗಿ ನಾನು ವಿಷಕ್ಕಿಂತ ಮೊದಲು ಅದು ಮಾಡಿಹೋದ ಗಾಯವನ್ನು ಹುಡುಕುತ್ತೇನೆ.

ಆ ಗಾಯ ಇರೋದು ಮಿದುಳಲ್ಲಿ. ನರದಿಂದ ನರಕ್ಕೆ ಸಂದೇಶ ದಾಟಿಸುವ ಅಸಿಟೈಲ್‌ಕೋಲಿನ್ ತನ್ನ ಕೆಲಸ ಮುಗಿದ ತಕ್ಷಣ ಒಡೆದುಹೋಗಬೇಕು. ಒಡೆಯುವ ಕಿಣ್ವದ ಹೆಸರು ಅಸಿಟೈಲ್‌ಕೋಲಿನೆಸ್ಟರೇಸ್. ಈ ಕೀಟನಾಶಕಗಳು ಆ ಕಿಣ್ವಕ್ಕೇ ಬೀಗ ಹಾಕುತ್ತವೆ. ಸಂದೇಶ ನಿಲ್ಲದೆ ಹರಿಯುತ್ತಲೇ ಇರುತ್ತದೆ. ಹಕ್ಕಿ ನಡುಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಸತ್ತ ಮೇಲೂ ಮಿದುಳಿನ ಕಿಣ್ವಕ್ಕೆ ಹಾಕಿದ ಬೀಗ ಸ್ವಲ್ಪ ಕಾಲ ಹಾಗೇ ಇರುತ್ತದೆ. ಅದನ್ನು ಅಳೆಯಬಹುದು.

ಅಳೆಯಬೇಕಾದರೆ ಹಕ್ಕಿ ಬೇಗ ಸಿಗಬೇಕು. ಚಳಿಗಾಲ ಅಂದರೂ ನಮ್ಮಲ್ಲಿ ಮಧ್ಯಾಹ್ನದ ಬಿಸಿಲು ಸಣ್ಣದಲ್ಲ. ಬೆಳಿಗ್ಗೆ ಸತ್ತ ಹಕ್ಕಿ ಸಂಜೆತನಕ ಕರಿ ಮಣ್ಣಿನ ಮೇಲೆ ಬಿದ್ದಿದ್ದರೆ ಕಿಣ್ವ ತಾನಾಗೇ ಹಾಳಾಗುತ್ತದೆ, ಆಮೇಲೆ ಬಂದ ಕಡಿಮೆ ಅಂಕಿ ವಿಷದ್ದೋ ಬಿಸಿಲಿನದ್ದೋ ಹೇಳಲಾಗಲ್ಲ. ಬೇಗ ಸಿಗಬೇಕು ಅಂದರೆ ಹೊಲದವರು ಫೋನ್ ಮಾಡಬೇಕು. ಅವರು ಯಾಕೆ ಮಾಡುತ್ತಾರೆ? ನವಿಲು ಸತ್ತಿದ್ದರಂತೂ ಸುಮ್ನೆ ಗುಂಡಿ ತೋಡಿ ಮುಚ್ಚಿಬಿಡುತ್ತಾರೆ. "ನವಲ ಸತ್ತದಂತ ಹೇಳಿದ್ರ ಕೇಸ ಹಾಕ್ತಾರಂತಲ್ಲ ಅವ್ವಾ, ನಮಗ್ಯಾಕ ಬೇಕು ಉಸಾಬರಿ" ಅಂದರು ಜೇವರ್ಗಿ ಕಡೆಯ ಒಬ್ಬ ಕಾಕಾ. ಅವರ ಭಯ ಸುಳ್ಳಲ್ಲ. ನವಿಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಸತ್ತ ಹಕ್ಕಿ ಎತ್ತಿಕೊಳ್ಳಲು ನನಗೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು, ಅದು ಕೈಗೆ ಬರುವ ಮುಂಚೆ ಒಂದು ಗರಿಯನ್ನೂ ಲ್ಯಾಬ್‌ಗೆ ತರಬೇಡಿ ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಯಾವ ವಿಷ ಹಾಕಿದಿರಿ ಅಂತ ಕೇಳೋದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಅದು ಪೊಲೀಸರ ಪ್ರಶ್ನೆ. ಬೆಳೆ ಬಗ್ಗೆ ಕೇಳುತ್ತೇನೆ. "ಕಾಕಾ, ಎಣ್ಣಿ ಎಷ್ಟನೇ ಸರ್ತಿ ಹೊಡದ್ರಿ?" ಅಂದರೆ, "ಮೂರನೇದು ನೋಡವ್ವಾ, ಮೊದಲಿನ ಎರಡಕ್ಕ ಕೀಡಿ ಜಗ್ಗಲೇ ಇಲ್ಲ, ಅದಕ್ಕ ಅಂಗಡಿಯಂವ ಎರಡು ಕೂಡಿಸಿ ಕೊಟ್ಟಾನ" ಅಂತ ಪೂರ್ತಿ ಕಥೆ ಬರುತ್ತದೆ. ನನಗೆ ಬೇಕಾದದ್ದು ಅದೇ. ಯಾವ ದಿನ, ಯಾವುದರ ಜೊತೆ ಯಾವುದು, ಗಾಳಿ ಯಾವ ಕಡೆ ಇತ್ತು. ಬದುವಿನಲ್ಲಿ ಬಿದ್ದ ಖಾಲಿ ಬಾಟಲಿಗಳ ಫೋಟೋ ತೆಗೆದುಕೊಳ್ಳುತ್ತೇನೆ. ಲೇಬಲ್ ಹರಿದಿದ್ದರೂ ಮೂಲೆಯ ಬಣ್ಣದ ಗುರುತು ಉಳಿದಿರುತ್ತದೆ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಮನುಷ್ಯರನ್ನು ಮನಸ್ಸಲ್ಲಿಟ್ಟು ಮಾಡಿದ ಲೆಕ್ಕ ಅದು, ಹಕ್ಕಿಗಳಿಗೆ ಹೊಂದಲೇಬೇಕು ಅಂತೇನಿಲ್ಲ. ಆದರೂ ಒಂದು ಸುಳಿವು.

ಹೊಲದಲ್ಲಿ ಹಕ್ಕಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ನೇರವಾಗಿ ಹಾಕಲ್ಲ, ಪ್ಲಾಸ್ಟಿಕ್‌ನಿಂದಲೂ ರಾಸಾಯನಿಕ ಇಳಿದು ಮುಂದೆ ಮಷಿನ್‌ನಲ್ಲಿ ತಲೆನೋವು ತರುತ್ತದೆ. ಅಲ್ಯುಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಐಸ್ ಡಬ್ಬಿಗೆ. ಐಸ್ ಸಾಕಾಗಲ್ಲ ಅನ್ನಿಸಿದಾಗ ನನಗೆ ಆಸರೆಯಾಗಿದ್ದು ದನದ ದವಾಖಾನೆ. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿ ಇಡಲು ಅಲ್ಲಿ ದ್ರವ ಸಾರಜನಕದ ಕ್ಯಾನ್ ಇರುತ್ತದೆ. ತಾಲ್ಲೂಕಿನ ಡಾಕ್ಟರು ಒಬ್ಬರು ಸಣ್ಣ ಫ್ಲಾಸ್ಕ್‌ಗೆ ಸ್ವಲ್ಪ ಹಾಕಿಕೊಡುತ್ತಿದ್ದರು. ಅಲ್ಲೇ ತಲೆಬುರುಡೆ ಬಿಚ್ಚಿ, ಮಿದುಳನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಎರಡನ್ನೂ ಬೇರೆ ಬೇರೆ ಟ್ಯೂಬ್‌ಗೆ ಹಾಕಿ ಮುಳುಗಿಸಿಬಿಟ್ಟರೆ ಕಲಬುರಗಿ ಮುಟ್ಟುವ ತನಕ ಚಿಂತೆಯಿಲ್ಲ.

ಲ್ಯಾಬ್‌ನಲ್ಲಿ ಮಾಡೋದು 1961ರಷ್ಟು ಹಳೆಯ ಎಲ್‌ಮನ್ ವಿಧಾನ. ದುಬಾರಿ ಮಷಿನ್ ಬೇಡ, ಬಣ್ಣ ಎಷ್ಟು ಗಾಢ ಅಂತ ಅಳೆಯುವ ಸಾಧಾರಣ ಸ್ಪೆಕ್ಟ್ರೊಫೋಟೋಮೀಟರ್ ಸಾಕು, ಯಾವ ಡಿಗ್ರಿ ಕಾಲೇಜಿನಲ್ಲಾದರೂ ಸಿಗುತ್ತದೆ. ಮಿದುಳಿನ ಚೂರನ್ನು ತಣ್ಣನೆ ಬಫರ್‌ನಲ್ಲಿ ಗಾಜಿನ ಕೊಳವೆಯೊಳಗೆ ಅರೆಯಬೇಕು, ಕೊಳವೆ ಐಸ್‌ನಲ್ಲೇ ಇರಬೇಕು. ಕಿಣ್ವಕ್ಕೆ ಒಡೆಯಲು ಅಂತ ಅಸಿಟೈಲ್‌ಥಯೋಕೋಲಿನ್, ಅದು ಒಡೆದದ್ದು ಕಾಣಲಿ ಅಂತ ಡಿಟಿಎನ್‌ಬಿ ಎಂಬ ಬಣ್ಣ ಕೊಡುವ ರಾಸಾಯನಿಕ ಹಾಕುತ್ತೇನೆ. ಕಿಣ್ವ ಚೆನ್ನಾಗಿದ್ದರೆ ನೋಡನೋಡುತ್ತಲೇ ನೀರು ಹಳದಿಯಾಗುತ್ತಾ ಹೋಗುತ್ತದೆ, 412 ನ್ಯಾನೊಮೀಟರ್‌ನಲ್ಲಿ ಅಂಕಿ ಏರುತ್ತದೆ. ಹೊಲದಿಂದ ತಂದ ಕೆಲವು ಗೊರವಂಕಗಳ ಮಾದರಿಯಲ್ಲಿ ಬಣ್ಣ ಬರಲೇ ಇಲ್ಲ ಅನ್ನುವಷ್ಟು ತೆಳು.

ತೆಳು ಅಂದರೆ ಯಾವುದಕ್ಕೆ ಹೋಲಿಸಿ? ಇಲ್ಲಿಯೇ ಜಾಸ್ತಿ ಬೆವರು ಸುರಿಸಿದ್ದು. ಗೊರವಂಕದ ಅಂಕಿಯನ್ನು ಬೆಳ್ಳಕ್ಕಿಗೆ ಹೋಲಿಸುವಂತಿಲ್ಲ, ಪ್ರತಿ ಜಾತಿಗೂ ಸಹಜ ಮಟ್ಟ ಬೇರೆ. ಹೋಲಿಕೆಗೆ ಅಂತ ಆರೋಗ್ಯವಾಗಿರುವ ಹಕ್ಕಿಗಳನ್ನು ಕೊಲ್ಲೋದು ನನ್ನಿಂದ ಆಗದ ಕೆಲಸ, ಅನುಮತಿಯೂ ಇಲ್ಲ. ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕವು, ವಿದ್ಯುತ್ ತಂತಿಗೆ ತಗುಲಿ ಬಿದ್ದವು, ಅದೂ ಎಣ್ಣಿ ಹೊಡೆಯದ ಬೇಸಿಗೆಯಲ್ಲಿ, ಅದೂ ಬಿದ್ದ ಕೂಡಲೇ ಸಿಕ್ಕವು. ಇಷ್ಟು ಸೋಸಿದ ಮೇಲೆ ಉಳಿಯೋದು ಕೈಬೆರಳೆಣಿಕೆಯಷ್ಟೇ. ಸಹಜ ಮಟ್ಟಕ್ಕಿಂತ 20 ಶೇಕಡಾ ಕಡಿಮೆ ಇದ್ದರೆ ವಿಷ ಸೋಕಿದೆ ಅಂತ, 50 ಶೇಕಡಾ ಮೀರಿ ಕುಸಿದಿದ್ದರೆ ಸಾವಿಗೆ ಅದೇ ಕಾರಣ ಅಂತ 1970ರ ದಶಕದಿಂದ ನಡೆದುಬಂದ ಅಳತೆಗೋಲು. ನಾನೂ ಅದನ್ನೇ ಹಿಡಿದಿದ್ದೇನೆ.

ಬದಿಗಿಟ್ಟ ಇನ್ನರ್ಧ ಮಿದುಳು ಈಗ ಬೇಕಾಗುತ್ತದೆ. ಅದನ್ನು ಅರೆದು ಬೆಚ್ಚಗೆ ಇಟ್ಟರೆ, ವಿಷ ಇದೇ ಕಿಣ್ವಕ್ಕೆ ಬೀಗ ಹಾಕುವ ಇನ್ನೊಂದು ಕುಲದ್ದು, ಅಂದರೆ ಕಾರ್ಬೊಫ್ಯುರಾನ್ ತರಹದ ಕಾರ್ಬಮೇಟ್ ಆಗಿದ್ದಲ್ಲಿ ಬೀಗ ತಾನಾಗಿಯೇ ಸಡಿಲವಾಗಿ ಕಿಣ್ವ ಚೇತರಿಸಿಕೊಳ್ಳುತ್ತದೆ. ಆರ್ಗನೊಫಾಸ್ಫೇಟ್ ಆಗಿದ್ದರೆ ಹಾಗಾಗಲ್ಲ, ಬೀಗ ಬಿಡಿಸುವ ಪ್ರಾಲಿಡಾಕ್ಸಿಮ್ ಹಾಕಬೇಕು. ಅದಕ್ಕೂ ಬೀಗ ಬಿದ್ದು ಬಹಳ ಹೊತ್ತಾಗಿರಬಾರದು. ಎಣ್ಣಿ ಕುಡಿದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಕೊಡುವ ಮದ್ದುಗಳಲ್ಲಿ ಅದೂ ಒಂದು. ಯಾವುದಕ್ಕೆ ಕಿಣ್ವ ಎದ್ದಿತು ಅನ್ನೋದರ ಮೇಲೆ ವಿಷದ ಕುಲ ತಿಳಿಯುತ್ತದೆ. ಕಂಪನಿ, ಬಾಟಲಿ ತಿಳಿಯಲ್ಲ. ಅದಕ್ಕೆ ಕಾಕಾನ ಕಥೆ ಬೇಕು.

ಜೊತೆಗೆ ಹಾಲಕ್ಕಿ, ಕಣಜ ಗೂಬೆಗಳ ಮರಿಯಾಗದ ಮೊಟ್ಟೆಗಳನ್ನೂ ಅನುಮತಿ ಇದ್ದಷ್ಟು ನೋಡುತ್ತೇನೆ. ಡಿಡಿಟಿ ಒಡೆದು ಆಗುವ ಡಿಡಿಇ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತದೆ ಅನ್ನೋದು 1967ರಲ್ಲಿ ಬ್ರಿಟನ್‌ನ ಡೆರೆಕ್ ರ್‍ಯಾಟ್‌ಕ್ಲಿಫ್ ಮ್ಯೂಸಿಯಂನ ಹಳೆಯ ಮೊಟ್ಟೆಗಳನ್ನು ತೂಗಿ, ಚಿಪ್ಪು ತೆಳುವಾಗಿದ್ದನ್ನು ತೋರಿಸಿದ ಮೇಲೆ ಬೆಳಕಿಗೆ ಬಂದ ವಿಷಯ. ಇಲ್ಲಿ ಒಂದು ಎಚ್ಚರ ಬೇಕು. ಭ್ರೂಣ ಬೆಳೆಯುತ್ತಾ ಚಿಪ್ಪಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಹಾಗಾಗಿ ಒಳಗೆ ಮರಿ ಎಷ್ಟು ಬೆಳೆದಿತ್ತು ಅಂತ ಬರೆದುಕೊಳ್ಳದೆ ಚಿಪ್ಪಿನ ದಪ್ಪ ಅಳೆದರೆ ಆ ಅಂಕಿಗೆ ಬೆಲೆಯಿಲ್ಲ.

ಈಗಿನ ತೊಂದರೆ ಬೇರೆ. ಅಂಗಡಿಯಲ್ಲಿ ಎಮಾಮೆಕ್ಟಿನ್, ಕ್ಲೋರಾಂಟ್ರನಿಲಿಪ್ರೋಲ್ ಜಾಸ್ತಿ ಓಡುತ್ತಿವೆ. ಬಿತ್ತನೆ ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಹಚ್ಚುವುದೂ ಉಂಟು. ಇವು ಯಾವುವೂ ಈ ಕಿಣ್ವಕ್ಕೆ ಬೀಗ ಹಾಕಲ್ಲ, ಅಂದರೆ ನನ್ನ ಹಳದಿ ನೀರಿನ ಪರೀಕ್ಷೆ ಇವುಗಳ ಮಟ್ಟಿಗೆ ಕುರುಡು. ಕಳೆದ ಬಿತ್ತನೆಯ ಹೊತ್ತಿಗೆ ಸಿಕ್ಕ ಒಂದು ಕೌಜುಗದ ಮಿದುಳಿನ ಕಿಣ್ವ ಸರಿಯಾಗೇ ಇತ್ತು. ಗಂಟಲ ಚೀಲ ಬಿಚ್ಚಿದರೆ ಒಳಗೆ ಗುಲಾಬಿ ಬಣ್ಣದ ಕಾಳು, ಬೀಜೋಪಚಾರ ಮಾಡಿದವು, ಬಣ್ಣ ಕೈಗೂ ಹತ್ತಿತು. ಆ ಕಾಳುಗಳನ್ನು ಫಾಯಿಲ್‌ನಲ್ಲಿ ಕಟ್ಟಿ ಎಲ್‌ಸಿ-ಎಂಎಸ್ (ಇಂಥ ವಿಷವನ್ನು ನೇರವಾಗಿ ಗುರುತಿಸುವ ಮಷಿನ್) ಇರುವ ಹೊರಗಿನ ಲ್ಯಾಬ್‌ಗೆ ಕಳಿಸಿದ್ದೇನೆ. ವರದಿ ಬರುವ ತನಕ ಆ ಹಕ್ಕಿ ನನ್ನ ಪುಸ್ತಕದಲ್ಲಿ ಕಾರಣ ತಿಳಿಯದ ಸಾವು ಅಂತಲೇ ಇರುತ್ತದೆ.