ಯಾರೂ ಮಾಡಿರದ ಕೆಲಸದ ಬಗ್ಗೆ ಕೇಳಿ ಪಡೆದ ಲೆಕ್ಕ

‘ಕಳೆದ ಒಂದು ವರ್ಷದಲ್ಲಿ ಸಂಗಾತಿಯ ಮೇಲೆ ಕೈ ಮಾಡಿದ್ದೀರಾ?’ ಎಂದು ಸಮೀಕ್ಷೆಯಲ್ಲಿ ನೇರವಾಗಿ ಕೇಳಿದಾಗ ಹೌದು ಎಂದವರು ನೂರಕ್ಕೆ ಆರು. ಆ ಆರನ್ನು ನಾನು ಒಂದು ದಿನವೂ ನಂಬಲಿಲ್ಲ. ಅದಕ್ಕಾಗಿ ಎರಡು ವರ್ಷ ಹೋಯಿತು, ಮಂಜೂರಾದ ಹಣದಲ್ಲಿ ಮುಕ್ಕಾಲು ಪಾಲೂ ಹೋಯಿತು.

ಮೊದಲು ಹಿಡಿದದ್ದು ಸಂಖ್ಯಾಶಾಸ್ತ್ರಜ್ಞ ವಾರ್ನರ್ 1965ರಲ್ಲಿ ತೋರಿಸಿಕೊಟ್ಟ ದಾರಿ, ದಾಳ ಉರುಳಿಸಿ: ‘ಕೈ ಮಾಡಿದ್ದೇನೆ’ ಎಂಬುದಕ್ಕೆ ಹೌದು-ಇಲ್ಲ ಹೇಳಬೇಕೋ, ‘ಮಾಡಿಲ್ಲ’ ಎಂಬುದಕ್ಕೋ ಎಂದು ಗುಟ್ಟಾಗಿ ಉರುಳಿಸಿದ ದಾಳ ತೀರ್ಮಾನಿಸುತ್ತದೆ. ಹಣ ಹೆಚ್ಚು ಕರಗಿದ್ದೇ ಇಲ್ಲಿ. ನೂರಕ್ಕೆ ಹತ್ತರಷ್ಟಿರುವ ವಿಷಯಕ್ಕೆ, ಮೊದಲ ವಾಕ್ಯ ಬರುವ ಸಂಭವನೀಯತೆ ಆರರಲ್ಲಿ ಐದು ಇಟ್ಟರೂ, ನೇರ ಪ್ರಶ್ನೆಯಷ್ಟೇ ನಿಖರತೆಗೆ ಸುಮಾರು ನಾಲ್ಕೂವರೆ ಪಟ್ಟು ಸ್ಯಾಂಪಲ್ ಬೇಕು. ಅಷ್ಟು ಜನರನ್ನು ಹುಡುಕಿದ್ದಾಯಿತು. ಒಂದು ತಂಡದ ಅಂದಾಜು ಮೈನಸ್ ನಾಲ್ಕು ಬಂತು! ದಾಳ ಏನೇ ಹೇಳಲಿ, ಜನ ‘ಇಲ್ಲ’ ಎಂದೇ ಹೇಳಿ ತಪ್ಪಿಸಿಕೊಂಡಿದ್ದರು. ಆಮೇಲೆ ಪಟ್ಟಿ ವಿಧಾನ, ಅರ್ಧ ಜನಕ್ಕೆ ನಾಲ್ಕು ವಾಕ್ಯ, ಅರ್ಧಕ್ಕೆ ಕೈ ಮಾಡಿದ ವಾಕ್ಯವೂ ಸೇರಿ ಐದು. ಎಷ್ಟು ವಾಕ್ಯ ತಮಗೆ ಅನ್ವಯಿಸುತ್ತವೆ ಎಂದಷ್ಟೇ ಹೇಳಬೇಕು, ಎರಡು ಸರಾಸರಿಗಳ ವ್ಯತ್ಯಾಸವೇ ಅಂದಾಜು. ಒಂಬತ್ತು ಬಂತು, ಆದರೆ ನಿಜವಾದ ಅಂಕಿ ಇರಬಹುದಾದ ಅಂತರ ಸೊನ್ನೆಯ ಕೆಳಗಿಂದ ಇಪ್ಪತ್ತರ ಮೇಲಿನವರೆಗೆ. ಅಂಥದ್ದನ್ನು ಯಾರ ಮುಂದೆ ಇಡುವುದು?

ಕೊನೆಗೆ ಕ್ರಾಸ್‌ವೈಸ್ ವಿಧಾನ. ನಮ್ಮ ಪ್ರಶ್ನೆಯ ಜೊತೆಗೆ, ಎಷ್ಟು ಜನ ಹೌದು ಎನ್ನುತ್ತಾರೆಂದು ಮೊದಲೇ ಲೆಕ್ಕ ಗೊತ್ತಿರುವ ಇನ್ನೊಂದು ನಿರುಪದ್ರವಿ ಪ್ರಶ್ನೆ. ಎರಡು ಪ್ರಶ್ನೆಗೂ ಉತ್ತರ ಒಂದೇನಾ, ಬೇರೆಬೇರೆಯಾ, ಅಷ್ಟೇ ಹೇಳಬೇಕು. ‘ಇಲ್ಲ’ದ ಹಿಂದೆ ಅಡಗಲು ಜಾಗವಿಲ್ಲ. ಜೊತೆಯ ಪ್ರಶ್ನೆಗೆ ಮೊದಲು ತಾಯಿ ಹುಟ್ಟಿದ ತಿಂಗಳು ಇಟ್ಟಿದ್ದೆ. ಹಲವರಿಗೆ ಗೊತ್ತೇ ಇಲ್ಲ. ಗೊತ್ತಿದ್ದವರಲ್ಲೂ ದಾಖಲೆಗೆಂದು ಬರೆಸಿದ ಜನವರಿಯೇ ಜಾಸ್ತಿ. ಆ ಪ್ರಶ್ನೆಗೆ ಕಾಲು ಭಾಗ ಜನ ಹೌದು ಎನ್ನುತ್ತಾರೆ ಎಂಬ ನನ್ನ ಲೆಕ್ಕ ಅಲ್ಲೇ ಬಿತ್ತು. ಪರಿಚಯದ ಒಬ್ಬರನ್ನು ಮನಸ್ಸಲ್ಲೇ ಆರಿಸಿಕೊಳ್ಳಿ, ಅವರ ಫೋನ್ ಸಂಖ್ಯೆಯ ಕೊನೆಯ ಎರಡಂಕಿ 25ಕ್ಕಿಂತ ಕಡಿಮೆಯೇ ಎಂದು ಬದಲಿಸಿದೆ. (ಸಂದರ್ಶಕರ ಬದಲು ಹೆಡ್‌ಫೋನಿನಲ್ಲಿ ನೇರ ಪ್ರಶ್ನೆ ಕೇಳಿಸುವುದನ್ನೂ ಒಂದು ಚಿಕ್ಕ ಗುಂಪಿನಲ್ಲಿ ನೋಡಿದೆ. ಆರು ಎಂಟಾಯಿತು, ಅಷ್ಟೇ.)

ಸುಮಾರು 2,400 ಜನ, ಬಂದ ಅಂದಾಜು ನೂರಕ್ಕೆ 19. ಸಹೋದ್ಯೋಗಿಗಳು ಒಪ್ಪಲಿಲ್ಲ: ಕಣ್ಣುಮುಚ್ಚಿ ಗುರುತು ಹಾಕುವವರು ಅಂಕಿಯನ್ನು ಐವತ್ತರ ಕಡೆಗೆ ಎಳೆಯುತ್ತಾರೆ, ಹೆಚ್ಚು ಬಂದದ್ದೆಲ್ಲ ನಿಜವಲ್ಲ ಎಂದರು. ಹೊಗ್ಲಿಂಗರ್ ಮತ್ತು ಡೀಕ್‌ಮನ್ ಎಂಬ ಸಂಶೋಧಕರು 2017ರಲ್ಲಿ ಎತ್ತಿದ ಆಕ್ಷೇಪವೂ ಇದೇ. ನಾನು ಅದಕ್ಕೆ ಮೊದಲೇ ಸಿದ್ಧನಾಗಿದ್ದೆ. ನಮ್ಮ ಸ್ಯಾಂಪಲ್‌ನಲ್ಲಿ ಯಾರೂ ಮಾಡಿರಲು ಸಾಧ್ಯವಿಲ್ಲದ ಒಂದು ಕೆಲಸವನ್ನು ಅದೇ ರೀತಿ ಕೇಳಿಸಿದ್ದೆ. ಸೊನ್ನೆ ಬರಬೇಕಾದಲ್ಲಿ ಎಂಟು ಬಂತು. ಕಣ್ಣುಮುಚ್ಚಿ ಉತ್ತರಿಸುವವರಲ್ಲಿ ಅರ್ಧದಷ್ಟು ಮಾತ್ರ ಅಂಕಿಗೆ ಸೇರುತ್ತದೆ, ಅಂದರೆ ನೂರಕ್ಕೆ ಹದಿನಾರು ಮಂದಿ ಕುರುಡು ಉತ್ತರದವರು. ಅವರನ್ನು ಕಳೆದರೆ 19 ಇಳಿದು 13. ಆ ವಾಕ್ಯ ಯಾವುದೆಂದು ಹೇಳುವುದಿಲ್ಲ. ಹೊರಗೆ ಗೊತ್ತಾದರೆ ಮುಂದಿನ ಸುತ್ತಿಗೆ ಉಪಯೋಗವಿಲ್ಲ.

ಎರಡನೇ ಸುತ್ತಿನಲ್ಲಿ ಮೊದಲು ನಿರುಪದ್ರವಿ ಪ್ರಶ್ನೆಯೊಂದರ ಮೇಲೆ ಅಭ್ಯಾಸ ಮಾಡಿಸಿದೆ. ಕುರುಡು ಉತ್ತರದವರು ನೂರಕ್ಕೆ ಆರಕ್ಕಿಳಿದರು, ಕಚ್ಚಾ ಅಂದಾಜು 15. ತಿದ್ದಿದರೆ ಮತ್ತೆ 13ರ ಹತ್ತಿರವೇ! ಕಚ್ಚಾ ಅಂಕಿ ಬೇರೆ ಬೇರೆ, ತಿದ್ದಿದ ಅಂಕಿ ಒಂದೇ. ಅಂದು ರಾತ್ರಿ ಆ ಹಾಳೆಯನ್ನು ನಾಲ್ಕು ಸಲ ಲೆಕ್ಕ ಮಾಡಿದೆ. ಆರು ಎಂದೇ ಬರೆದು ಕೊಟ್ಟಿದ್ದರೆ, ಕೈ ಮಾಡಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಲೆಕ್ಕದಿಂದಲೇ ಹೊರಗುಳಿಯುತ್ತಿದ್ದರು.

ಮೊದಲ ಸುತ್ತಿನ 13ರ ಆಚೀಚೆ ಐದೂವರೆಯಷ್ಟು ಅಂತರವಿತ್ತು. ತಿದ್ದುಪಡಿಯ ಅನಿಶ್ಚಿತತೆಯನ್ನೂ ಸೇರಿಸಿಯೇ ಬರೆದೆ, ಬಿಟ್ಟರೆ ಅಂತರ ಚಿಕ್ಕದಾಗಿ ಚೆಂದ ಕಾಣುತ್ತದೆ. ಗಂಡಸರು, ಹೆಂಗಸರು ಎಂದು ಬೇರೆ ಮಾಡಲು ಉಳಿದಿರುವ ಕಾಲು ಪಾಲು ಹಣ ಸಾಲದು. ಅರ್ಜಿ ಮತ್ತೆ ಹಾಕಿದ್ದೇನೆ, ಈ ಸಲ ಎರಡು ಸುತ್ತಿನ ಅಂಕಿಗಳನ್ನೂ ಮೊದಲ ಪುಟದಲ್ಲೇ ಇಟ್ಟು.